ಕೆಳದನಿ ಹಿಡಿಯುವವರು

ಸೆಪ್ಟೆಂಬರ್ 9

ಮನೆಗೆ ಹಿರಿಯಳಾದವಳಿಗೆ ಒಂದು ತೊಂದರೆ ಇದೆ. ಎಲ್ಲರೂ ಅವಳ ಬಳಿ ಬಂದು ದೂರು ಹೇಳುತ್ತಾರೆ. ಅವಳು ದೂರು ಹೇಳಿಕೊಳ್ಳಲು ಮೇಲೆ ಯಾರೂ ಇರುವುದಿಲ್ಲ. ನೆರೆಯವರಿಗೆ ಹೇಳಿದರೆ ಮರ್ಯಾದೆ ಹೋಗುತ್ತದೆ. ಪಾದ್ರಿಗೆ ಹೇಳಿದರೆ ಕ್ಷಮಿಸಿಬಿಡಿ ಎನ್ನುತ್ತಾನೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಸೊಸೆ ಇರ್ಮಾ ನನಗೆ ಸುಳ್ಳು ಹೇಳಿದ್ದಾಳೆ. ಹೋದ ತಿಂಗಳು ಮಗುವಿನ ಹಲ್ಲು ತೋರಿಸಿಕೊಂಡು ಬರುತ್ತೇನೆಂದು ಟಿಬಿಲಿಸಿಗೆ ಹೋದವಳು ಹಲ್ಲಿನ ಡಾಕ್ಟರ ಮುಖವನ್ನೂ ನೋಡಿಲ್ಲ. ಮಗುವನ್ನು ಹಾಡುವವರ ಆಯ್ಕೆಗೆ ನಿಲ್ಲಿಸಿ ಬಂದಿದ್ದಾಳೆ. ಇವತ್ತು ಸಂಜೆ ಟಿವಿಯಲ್ಲಿ ಹೇಳಿದರು: ಈ ವರ್ಷ ಮಕ್ಕಳ ಅಂತರರಾಷ್ಟ್ರೀಯ ಹಾಡಿನ ಸ್ಪರ್ಧೆಗೆ ಜಾರ್ಜಿಯಾದ ಪರವಾಗಿ ಹೋಗುವವಳು ಗುರಿಯಾ ಸೀಮೆಯ ಹತ್ತು ವರ್ಷದ ತೆಕ್ಲೆ. ನನ್ನ ಮೊಮ್ಮಗಳು. ನಾನು ಚೀಸಿನ ನೀರು ಬಸಿಯುತ್ತಿದ್ದೆ. ಟಿವಿಯಿಂದ ತಿಳಿಯಬೇಕಾಯಿತು.

"ಮೊದಲೇ ಹೇಳಿದ್ರೆ ಕಳಿಸ್ತಿದ್ರಾ ಅತ್ತೆ?" ಎಂದಳು ಇರ್ಮಾ.

"ಇಲ್ಲ."

"ಅದಕ್ಕೇ ಹೇಳಲಿಲ್ಲ."

ಉತ್ತರ ಸರಿಯಾಗಿಯೇ ಇತ್ತು. ಅದರಿಂದಲೇ ಸಿಟ್ಟು ಹೆಚ್ಚಾಯಿತು.

ಟಿವಿಯವರು "ಸಂಗೀತದ ಮನೆತನದ ಹುಡುಗಿ" ಎಂದರು. ಯಾವ ಮನೆತನ ಎಂದು ಹೇಳಲಿಲ್ಲ. ನಾನೂ ನನ್ನ ಇಬ್ಬರು ಅಣ್ಣಂದಿರೂ ಮೂರು ದನಿಯಲ್ಲಿ ಹಾಡಲು ಕೂತರೆ ಮದುವೆಮನೆಯಲ್ಲಿ ಮದುಮಗನನ್ನು ಕೇಳುವವರಿರಲಿಲ್ಲ. ದೊಡ್ಡಣ್ಣ ಕೆಳದನಿ, ಚಿಕ್ಕಣ್ಣ ನಡುದನಿ, ಮೇಲುದನಿ ನನ್ನದು. ಮೇಲುದನಿ ಗಂಡಸರ ಕೆಲಸ ಎನ್ನುತ್ತಿದ್ದವರ ಬಾಯಿ ಮುಚ್ಚಿಸಿದವಳು ಈ ಲಮಾರಾ. ಮಗುವಿಗೆ ಕಲಿಸಿದವಳೂ ನಾನೇ. ಅದನ್ನು ಟಿವಿಯವರು ಯಾರನ್ನು ಕೇಳಿದರೂ ಹೇಳುತ್ತಿದ್ದರು.

ಪಕ್ಕದ ಮನೆಯ ಶಾಲ್ವಾ ಬೇಲಿಯ ಮೇಲಿಂದ ಇಣುಕಿದ. "ಲಮಾರಾ, ಇನ್ಮೇಲೆ ನಿನ್ನತ್ರ ಮಾತಾಡೋಕೆ ಟಿಕೆಟ್ ತಗೋಬೇಕೇನೋ."

"ನಿನಗೆ ಮೊದಲಿಂದ್ಲೂ ಇಡಬೇಕಾಗಿತ್ತು," ಎಂದೆ.

ಸೆಪ್ಟೆಂಬರ್ 14

ಹಾಡು ಕಟ್ಟಿದವನು ಟಿಬಿಲಿಸಿಯಿಂದ ಬಂದಿದ್ದ. ಹೆಸರು ವಾಖೋ. ಗಡ್ಡ ಬಿಟ್ಟಿದ್ದಾನೆ, ಆದರೆ ನಾನು ಕೂರುವ ಮೊದಲು ಕೂರಲಿಲ್ಲ. ಮೆಕ್ಕೆಜೋಳದ ರೊಟ್ಟಿಯನ್ನು ಕೈಯಲ್ಲೇ ಮುರಿದು ತಿಂದ. ಅವನ ಬಗ್ಗೆ ಸಿದ್ಧಮಾಡಿಟ್ಟುಕೊಂಡಿದ್ದ ಮಾತುಗಳಲ್ಲಿ ಅರ್ಧ ಅಲ್ಲಿಗೇ ವ್ಯರ್ಥವಾದವು.

ಹಾಡು ಕೆಟ್ಟದಾಗಿಲ್ಲ. ಒಬ್ಬ ಹುಡುಗಿ ಬೆಳಗಿನ ಮಂಜಿನಲ್ಲಿ ಕಾಣದ ಹಸುವನ್ನು ಕರೆಯುತ್ತಾಳೆ. ನಡುವೆ ವಾದ್ಯಗಳೆಲ್ಲ ನಿಂತುಹೋಗುತ್ತವೆ. ಒಂದು ಕೆಳದನಿ ಮಾತ್ರ ಉಳಿಯುತ್ತದೆ. ಅದರ ಮೇಲೆ ಮಗು ಕ್ರಿಮಂಚುಲಿ ಎತ್ತಬೇಕು. ಹುಂಜದ ಕೂಗಿನ ಹಾಗೆ ದನಿ ಮುರಿದು ಮುರಿದು ಹಾರುವುದು ನಮ್ಮ ಗುರಿಯಾ ಸೀಮೆಯವರಿಗಷ್ಟೇ ಬರುವ ವಿದ್ಯೆ. ಅದಕ್ಕಾಗಿಯೇ ಇವಳನ್ನು ಆರಿಸಿದರಂತೆ.

ಮಗು ಹಾಡಿತು. ವಾಖೋ ಕಣ್ಣು ಮುಚ್ಚಿ ಕೇಳಿದ.

"ಚೆನ್ನಾಗಿದೆ ಪುಟ್ಟಿ. ಈಗ ಅದನ್ನೇ ಇನ್ನೊಂದ್ಸಲ."

ಮಗು ಇನ್ನೊಂದು ಥರ ಹಾಡಿತು.

"ಇದೂ ಚೆನ್ನಾಗಿದೆ. ಆದ್ರೆ ನಾನು ಕೇಳಿದ್ದು ಮೊದಲನೇದನ್ನ."

"ಮೊದಲನೇದು ಮುಗಿದೋಯ್ತಲ್ಲ," ಎಂದಿತು ಮಗು.

ನಾನು ನಕ್ಕುಬಿಟ್ಟೆ. ಎರಡು ಸಲ ಒಂದೇ ಥರ ಹಾಡುವುದು ಗಿಣಿಯ ಕೆಲಸ ಎಂದು ಹೇಳಿಕೊಟ್ಟವಳು ನಾನೇ. ನನ್ನ ಅಪ್ಪನೂ ಹಾಗೆಯೇ ಹೇಳುತ್ತಿದ್ದ. ನಮ್ಮ ಮನೆಯಲ್ಲಿ ಹಾಡು ಪ್ರತಿ ಸಲವೂ ಹೊಸದಾಗಿ ಹುಟ್ಟಬೇಕು, ಇಲ್ಲವಾದರೆ ಬಾಯಿ ಮುಚ್ಚಿಕೊಂಡಿರಬೇಕು.

ವಾಖೋ ನಗಲಿಲ್ಲ. ಸ್ಪರ್ಧೆಯಲ್ಲಿ ವಾದ್ಯ, ಕೆಳದನಿ ಎಲ್ಲವನ್ನೂ ಮೊದಲೇ ಧ್ವನಿಮುದ್ರಣ ಮಾಡಿ ಇಟ್ಟಿರುತ್ತಾರಂತೆ. ಮಗುವೊಂದೇ ವೇದಿಕೆಯಲ್ಲಿ ನಿಜವಾಗಿ ಹಾಡುವುದು. "ಇವಳು ಎಡಕ್ಕೆ ತಿರುಗಿದ್ರೆ ಹಿಂದಿನ ದನಿ ಬಲಕ್ಕೇ ಹೋಗ್ತಾ ಇರುತ್ತೆ ಅಮ್ಮಾ. ಅದಕ್ಕೆ ಕಿವಿ ಇಲ್ಲ."

"ಕಿವಿ ಇಲ್ಲದ್ದರ ಜೊತೆ ಯಾಕಪ್ಪಾ ಹಾಡ್ಬೇಕು?"

ರೊಟ್ಟಿಯ ಇನ್ನೊಂದು ತುಂಡು ಮುರಿದು, "ನೀವು ಹೇಳೋದು ಸರಿ. ಆದ್ರೂ ಹಾಡ್ಬೇಕಲ್ಲ," ಎಂದ.

ಸೆಪ್ಟೆಂಬರ್ 15

ಮಗು ತಾಯಿಯ ಜೊತೆ ತರಬೇತಿಗೆ ಟಿಬಿಲಿಸಿಗೆ ಹೋಯಿತು. ಶಾಲ್ವಾನ ಹೆಂಡತಿ ಗುಲಿಕೋ ಗೇಟಿನವರೆಗೆ ಬಂದು "ಹೋಗಿ ಬಾ ಬೆಬೋ, ನನ್ನ ಬೆಬೋ" ಎಂದು ಕೆನ್ನೆ ಹಿಂಡಿದಳು. ಬೆಬೋ ಎಂದರೆ ಅಜ್ಜಿ; ಅಜ್ಜಿಯರು ತಮ್ಮನ್ನು ಕರೆಯುವ ಆ ಪದದಿಂದಲೇ ಮಕ್ಕಳನ್ನು ಕರೆದು ಮುದ್ದು ಮಾಡುವ ಈ ಚಾಳಿ ಊರೆಲ್ಲ ಇದೆ. ನನಗೆ ಹಿಡಿಸುವುದಿಲ್ಲ. ಈ ಮನೆಯಲ್ಲಿ ಅಜ್ಜಿ ಒಬ್ಬಳೇ, ಅದು ನಾನು. ಮಗುವಿಗೆ ಅದರದೇ ಹೆಸರಿದೆ.

ಸೆಪ್ಟೆಂಬರ್ 27

ವಾಪಸ್ಸು ಬಂದಿದ್ದಾರೆ. ಮಗು ಸೀದಾ ಹೋಗಿ ಮಲಗಿತು.

ಇರ್ಮಾ ಅಡುಗೆಮನೆಯಲ್ಲಿ ಹೇಳಿದಳು. ಪ್ರತಿ ದಿನ ಕ್ರಿಮಂಚುಲಿ ಬೇರೆ ಬೇರೆ ಬರುತ್ತದಂತೆ. ಬಯ್ದರೂ ಅಷ್ಟೇ, ಮುದ್ದು ಮಾಡಿದರೂ ಅಷ್ಟೇ. ಅಕ್ಟೋಬರ್ ನಡುವಿನ ಹೊತ್ತಿಗೆ ಸರಿಹೋಗದಿದ್ದರೆ ಆ ಭಾಗವನ್ನೇ ತೆಗೆಯುತ್ತಾರೆ. ಅದನ್ನು ತೆಗೆದ ಮೇಲೆ ಇವಳೇ ಯಾಕೆ ಬೇಕು? ಆಯ್ಕೆಯಲ್ಲಿ ಎರಡನೆಯವಳಾದ ಟಿಬಿಲಿಸಿಯ ಹುಡುಗಿಯೊಬ್ಬಳಿದ್ದಾಳೆ, ಅವಳನ್ನು ಕಳಿಸುತ್ತಾರೆ.

"ಕಳಿಸ್ಲಿ ಬಿಡು," ಎಂದೆ. "ನಮ್ಮ ಮನೆಯ ಹಾಡನ್ನ ಅಳತೆಪಟ್ಟಿ ಇಟ್ಟು ಕತ್ತರಿಸಿಕೊಳ್ಳೋ ಗತಿ ನಮಗೆ ಬಂದಿಲ್ಲ."

ಇರ್ಮಾ ತಟ್ಟೆ ತೊಳೆಯುವುದನ್ನು ನಿಲ್ಲಿಸಿದಳು. ಸಾಧಾರಣವಾಗಿ ಅವಳು ನನ್ನ ಮುಖ ನೋಡಿ ಮಾತಾಡುವುದಿಲ್ಲ. ಇವತ್ತು ನೋಡಿದಳು. "ಅವಳಿಗೆ ಹೋಗೋ ಆಸೆ ಇದೆ ಅತ್ತೆ. ನಿಮ್ಮ ಮನೆಗಲ್ಲ, ನನಗಲ್ಲ. ಅವಳಿಗೆ."

ಹತ್ತು ವರ್ಷದವರಿಗೆ ನಾಯಿಮರಿಯ ಆಸೆಯೂ ಇರುತ್ತದೆ ಎಂದು ಹೇಳಬೇಕೆಂದಿದ್ದೆ. ಹೇಳಲಿಲ್ಲ. ತಟ್ಟೆಗಳು ಬಹಳ ಇದ್ದವು.

ಸೆಪ್ಟೆಂಬರ್ 28

ಮೆಕ್ಕೆಜೋಳದ ಕಣಜದ ಹಿಂದೆ ಯಾರೋ ಹಾಡುತ್ತಿದ್ದರು. ಹೋಗಿ ನೋಡಿದರೆ ಮಗು. ಎರಡು ಕಿವಿಗಳನ್ನೂ ಅಂಗೈಯಿಂದ ಒತ್ತಿ ಮುಚ್ಚಿಕೊಂಡು, ಒಂದೇ ತಿರುವನ್ನು ಮತ್ತೆ ಮತ್ತೆ ಎತ್ತುತ್ತಿತ್ತು. ಪ್ರತಿ ಸಲವೂ ಬೇರೆ ಕಡೆಗೆ ಹಾರಿಹೋಗುತ್ತಿತ್ತು. ಪ್ರತಿ ಸಲವೂ ಕಾಲು ನೆಲಕ್ಕೆ ಒದೆಯುತ್ತಿತ್ತು.

ನನ್ನನ್ನು ಕಂಡು ಕೈ ಇಳಿಸಿತು. "ಬೆಬೋ, ಒಂದೇ ಥರ ಹೇಗೆ ಹಾಡೋದು?"

"ಗೊತ್ತಿಲ್ಲ," ಎಂದೆ.

ಮಗು ನನ್ನನ್ನು ವಿಚಿತ್ರವಾಗಿ ನೋಡಿತು. ಆಮೇಲೆ ಇಬ್ಬರೂ ಬಾತುಕೋಳಿಗಳನ್ನು ಒಳಗೆ ಅಟ್ಟಿದೆವು.

ಅಕ್ಟೋಬರ್ 1

ಬಟ್ಟೆಯನ್ನು ಬಿಗಿಯಾಗಿ ಹಿಡಿದರೆ ಸೂಜಿ ನೇರ ಹೋಗುತ್ತದೆ. ಹಾಡಿನಲ್ಲಿ ಆ ಬಟ್ಟೆ ಎಂದರೆ ಕೆಳದನಿ. ಅದು ಅಲ್ಲಾಡದಿದ್ದರೆ ಮೇಲಿನದಕ್ಕೆ ದಾರಿ ಅಭ್ಯಾಸವಾಗುತ್ತದೆ. ಇದು ನಿನ್ನೆ ಹೊಳೆಯಿತು. ಬೆಳಿಗ್ಗೆಯೇ ಶಾಲ್ವಾನನ್ನು ಕರೆಸಿದೆ. ಈಗ ಈ ಸುತ್ತಮುತ್ತ ಕೆಳದನಿ ಎಂದರೆ ಅವನೇ, ಅದನ್ನು ಒಪ್ಪಬೇಕು.

"ಪ್ರತಿ ಸಲ ಒಂದೇ ಥರ ಹಾಡ್ಬೇಕು ಶಾಲ್ವಾ."

"ನಾನು ಯಾವತ್ತು ಬೇರೆ ಥರ ಹಾಡಿದ್ದೀನಿ?"

ಮೊದಲ ಸಲ ಸರಿಯಾಗಿತ್ತು. ಎರಡನೆಯ ಸಲ ನಡುವೆ ಒಂದು ಚಿಕ್ಕ ಇಳಿತ ಕಂಡ, ಇಳಿದುಬಿಟ್ಟ. ಹಸುವಿನ ಹಿಂದೆ ಕರು ಹೋಗುವಂತೆ ಮಗುವೂ ಹಿಂದೆಯೇ ಹೋಯಿತು.

"ಏನು ಮಾಡ್ದೆ ಅದು?"

"ಏನಿಲ್ಲ. ಸ್ವಲ್ಪ ಚೆಂದ ಮಾಡ್ದೆ."

"ಚೆಂದ ಮಾಡು ಅಂತ ಯಾರು ಕೇಳಿದ್ರು?"

"ಗಂಟಲು ಕೇಳ್ತು."

ಮೂರನೆಯ ಸಲ ಗಂಟಲು ಇನ್ನೂ ಹೆಚ್ಚು ಕೇಳಿತು. "ನೆಲವೇ ಎದ್ದು ಓಡಾಡಿದ್ರೆ ಮನೆ ಎಲ್ಲಿ ನಿಲ್ಲುತ್ತೋ?" ಎಂದು ಅವನನ್ನು ಎಬ್ಬಿಸಿದೆ. ಅವನಿಗೆ ಸಿಟ್ಟು ಬಂತು. ಟೋಪಿ ಹಾಕಿಕೊಳ್ಳುತ್ತ, "ಹಂಗಾದ್ರೆ ನೀನೇ ಹಾಡ್ಕೋ. ಲಮಾರಾ ಮಹಾರಾಣಿ ಯಾವತ್ತಾದ್ರೂ ಕೆಳಗಿಳಿದಿದ್ದುಂಟಾ?" ಎಂದ.

ಅವನಿಗೆ ತೋರಿಸಬೇಕೆಂದು ಒಂದು ಸಲ ಕೆಳದನಿ ಹಿಡಿದೆ. ಅಷ್ಟರಲ್ಲಿ ಅವನು ಗೇಟು ದಾಟಿ ಹೋಗಿದ್ದ. ಕೇಳಿಸಿಕೊಳ್ಳಲಿಲ್ಲ.

ಅಕ್ಟೋಬರ್ 2

ಇವತ್ತೂ ನಾನೇ ಹಾಡಬೇಕಾಯಿತು. ಓಝುರ್ಗೇಟಿ ಪೇಟೆಯಿಂದ ಕೆಳದನಿಯವರು ಯಾರನ್ನಾದರೂ ಕರೆಸಬೇಕು.

ಅಕ್ಟೋಬರ್ 6

ಓಝುರ್ಗೇಟಿಗೆ ಹೇಳಿ ಕಳಿಸಲು ಪುರುಸೊತ್ತಾಗಿಲ್ಲ. ಹೇಝಲ್ ಕಾಯಿ ಸುಲಿಯುವ ಕಾಲ. ಬೆಳಿಗ್ಗೆ ಪಕ್ಕದ ಮನೆಯವರು ತೋಟಕ್ಕೆ ಹೋದ ಮೇಲೆ ಜಗಲಿಯಲ್ಲಿ ಕೂತು ಸುಲಿಯುತ್ತಲೇ ಹಾಡುತ್ತೇವೆ. ಕೈಗೂ ಕೆಲಸವಾಗುತ್ತದೆ.

ಕೆಳದನಿ ಹಿಡಿಯುವುದರಲ್ಲಿ ಮೆಚ್ಚುವಂಥದ್ದೇನೂ ಇಲ್ಲ. ಊಟದ ಮೇಜಿನಲ್ಲಿ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತ ಹಾಗೆ. ಹೇಳಲು ಪದವಿಲ್ಲ, ಹಾರಲು ಜಾಗವಿಲ್ಲ, "ಓ" ಎಂದು ಎಳೆಯಬೇಕು ಅಷ್ಟೇ. ಎರಡು ಸಲ ನನ್ನ ದನಿಯೇ ತಾನಾಗಿ ಮೇಲೇರಲು ನೋಡಿತು, ಗಂಟಲು ಬಿರುಕುಬಿಟ್ಟಿತು. ಈ ವಯಸ್ಸಿನಲ್ಲಿ ಅದು ಮೇಲೆ ಹೋಗುವುದಿಲ್ಲ. ಹೋಗದಿದ್ದರೆ ಬೇಡ, ಇದು ನನ್ನ ಸರದಿಯೂ ಅಲ್ಲ.

ಒಂದು ವಿಷಯ ಮಾತ್ರ ವಿಚಿತ್ರ. ಮೇಲೆ ಹಾಡುವಾಗ ನನ್ನ ದನಿ ನನಗೇ ಕೇಳಿಸುತ್ತಿತ್ತು, ಬೇರೇನೂ ಕೇಳಿಸುತ್ತಿರಲಿಲ್ಲ. ಕೆಳಗಿನಿಂದ ಎಲ್ಲವೂ ಕೇಳಿಸುತ್ತದೆ. ತೆಕ್ಲೆ ದೊಡ್ಡ ಜಿಗಿತಕ್ಕೆ ಮೊದಲು ಒಂದು ಸಣ್ಣ ಉಸಿರು ಕದಿಯುತ್ತಾಳೆ. ಅದು ಹಾಡಿನ ಉಸಿರಲ್ಲ, ಹೆದರಿಕೆಯ ಉಸಿರು. ಹೆದರಿದವಳು ಎಲ್ಲಿ ಸಿಕ್ಕಿದರೆ ಅಲ್ಲಿಗೆ ಜಿಗಿಯುತ್ತಾಳೆ. ಅದಕ್ಕೇ ಪ್ರತಿ ಸಲ ಬೇರೆ. ನಾನು ಅದನ್ನು ಇಷ್ಟು ವರ್ಷ ಪ್ರತಿಭೆ ಎಂದುಕೊಂಡಿದ್ದೆ. ಪ್ರತಿಭೆಯೂ ಇದೆ. ಹೆದರಿಕೆಯೂ ಇದೆ.

ಇವತ್ತು ಆ ಉಸಿರು ಬರುವ ಹೊತ್ತಿಗೆ ನನ್ನ ದನಿಯನ್ನು ಒಂದು ಕೂದಲೆಳೆಯಷ್ಟು ಒತ್ತಿ ಹಿಡಿದೆ. ಏಣಿ ಹತ್ತುವವರಿಗೆ ಕೆಳಗೆ ನಿಂತವರು ಏಣಿ ಒತ್ತಿ ಹಿಡಿಯುವಂತೆ. ಅವಳು ಜಿಗಿದಳು. ನಿನ್ನೆ ಇಳಿದ ಜಾಗಕ್ಕೇ ಇಳಿದಳು.

"ಏಣಿ ನಾನು ಹಿಡಿದಿರ್ತೀನಿ, ನೀನು ಹತ್ತು," ಎಂದೆ. ಒಂದು ಬುಟ್ಟಿ ಕಾಯಿ ಮುಗಿಯಿತು.

ಅಕ್ಟೋಬರ್ 10

ದಿನವೂ ಅದೇ. ದಿನವೂ ಅದೇ ಜಾಗಕ್ಕೆ.

ಕೆಳದನಿಯವರಿಗೆ ಮೊದಲು ಊಟ ಬಡಿಸಬೇಕು. ಸೊಂಟ ಹಿಡಿದುಕೊಳ್ಳುತ್ತದೆ.

ಅಕ್ಟೋಬರ್ 15

ತೆಕ್ಲೆ ಮೊನ್ನೆ ತಾಯಿಯ ಜೊತೆ ಟಿಬಿಲಿಸಿಗೆ ಹೋದಳು. ಇವತ್ತು ವಾಖೋ ಫೋನ್ ಮಾಡಿದ.

"ಅಮ್ಮಾ, ಏನು ಮಾಡಿದ್ರಿ ನೀವು? ಒಂಟಿಯಾಗಿ ಹಾಡಿಸಿದ್ರೆ ಕಲ್ಲಿನಲ್ಲಿ ಕೆತ್ತಿದ ಹಾಗೆ ಹಾಡ್ತಾಳೆ."

"ಮತ್ತೇನು ತೊಂದರೆ?"

ತೊಂದರೆ ಕೆಳದನಿಯದು. ಅಲ್ಲಿ ಒಬ್ಬ ದೊಡ್ಡ ಗಾಯಕನಿಂದ ಹಾಡಿಸಿ ಮುದ್ರಿಸಿದ್ದಾರೆ. ಅದನ್ನು ಹಾಕಿದ ತಕ್ಷಣ ಅವಳು ಮೊದಲಿನಂತೆಯೇ ದಾರಿ ತಪ್ಪುತ್ತಾಳೆ. ಯಾಕೆ ಎಂದು ಕೇಳಿದ್ದಕ್ಕೆ, "ಈ ಮಾಮ ನನಗೆ ಏಣಿ ಹಿಡಿಯಲ್ಲ" ಎಂದಳಂತೆ. ಅವರು ತಲೆ ಕೆರೆದುಕೊಂಡರಂತೆ. ಯಾವ ಏಣಿ ಎಂದು ಕೇಳಿದರೆ, "ಬೆಬೋಗೆ ಗೊತ್ತು" ಎಂದಳಂತೆ.

"ನೀವು ಬಂದು ಹಾಡಬೇಕು ಅಮ್ಮಾ. ಈ ವಾರದಲ್ಲೇ. ಟಿವಿಯವರು ಅಷ್ಟೇ ಸಮಯ ಕೊಟ್ಟಿರೋದು. ಇಲ್ಲಾಂದ್ರೆ ಆ ಇನ್ನೊಂದು ಹುಡುಗಿ ಹೋಗ್ತಾಳೆ."

"ಮೇಲುದನಿ ಹಾಡ್ತೀನಿ, ಬೇಕಾದ್ರೆ."

"ಕೆಳದನಿ ಅಮ್ಮಾ."

"ಟಿವಿಯಲ್ಲಿ ನನ್ನ ಹೆಸರು ಬರುತ್ತಾ?"

ಅವನು ಸುಳ್ಳು ಹೇಳಬಹುದಾಗಿತ್ತು. "ಬರಲ್ಲ. ಮಗುವಿನ ಹೆಸರು, ಹಾಡು ಕಟ್ಟಿದವರ ಹೆಸರು, ಅಷ್ಟೇ. ಹಿಂದಿನ ದನಿಯವರದು ಬರಲ್ಲ."

ಈ ಸೀಮೆಯಲ್ಲಿ ನಾನು ಕೂತ ಮೇಜಿನಲ್ಲಿ ಹಾಡಿನ ಮಾತು ಬಂದರೆ ಮೊದಲು ನನ್ನ ಹೆಸರನ್ನೇ ಕರೆಯುತ್ತಾರೆ. ಇವರಿಗೆ ಹೆಸರಿಲ್ಲದ "ಓ" ಬೇಕಂತೆ. ಫೋನ್ ಇಟ್ಟೆ.

ಅಕ್ಟೋಬರ್ 16

ಹೋಗುವುದಿಲ್ಲ.

ಅಕ್ಟೋಬರ್ 17

ಹೋಗುವುದಿಲ್ಲ ಎಂದು ಇರ್ಮಾಳಿಗೂ ಫೋನಿನಲ್ಲಿ ಹೇಳಿದೆ. ಅವಳು ಬೇಡಿಕೊಳ್ಳಲಿಲ್ಲ, ಜಗಳವನ್ನೂ ಆಡಲಿಲ್ಲ. "ಸರಿ ಅತ್ತೆ. ಅವಳಿಗೆ ನಾನೇ ಹೇಳ್ತೀನಿ," ಎಂದಳು. ಹಾಗೆ ಹೇಳಬಾರದಿತ್ತು.

ಅಕ್ಟೋಬರ್ 18

ನನ್ನ ಮಗ, ತೆಕ್ಲೆಯ ಅಪ್ಪ ಮಾಮುಕ, ಬಾಡಿಗೆ ವ್ಯಾನು ಓಡಿಸುತ್ತಾನೆ. ಹೇಗೂ ಟಿಬಿಲಿಸಿಗೆ ಹೊರಟಿದ್ದ. ನನಗೂ ಕೆಳಗಿನ ಹಲ್ಲೊಂದು ಬಹಳ ದಿನದಿಂದ ನೋಯುತ್ತಿತ್ತು. ದೊಡ್ಡ ಊರಿನಲ್ಲಿ ಒಳ್ಳೆಯ ಡಾಕ್ಟರಿರುತ್ತಾರೆ ಎಂದು ವ್ಯಾನು ಹತ್ತಿದೆ. ಗುಲಿಕೋ ಕೇಳಿದಾಗಲೂ ಹಾಗೆಯೇ ಹೇಳಿದೆ.

ಮಾಮುಕ ದಾರಿಯುದ್ದಕ್ಕೂ ಹಲ್ಲಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಜಾಣ. ಅಪ್ಪನ ಹಾಗೆ.

ಅಕ್ಟೋಬರ್ 19

ಸ್ಟುಡಿಯೋ ಎನ್ನುವುದು ಕಿಟಕಿಯಿಲ್ಲದ ಕೋಣೆ. ಗೋಡೆಗೆಲ್ಲ ಹಾಸಿಗೆ ಅಂಟಿಸಿದಂತಿದೆ. ಮಾತಾಡಿದರೆ ಮಾತು ಬಾಯಿ ಬಿಟ್ಟು ಹೋಗುವುದೇ ಇಲ್ಲ. ತಲೆವಸ್ತ್ರ ತೆಗೆಯಿರಿ, ಕಿವಿಗೆ ಯಂತ್ರ ಹಾಕಬೇಕು ಎಂದರು. ವಸ್ತ್ರದ ಮೇಲೆಯೇ ಹಾಕಿ ಎಂದೆ.

ಒಬ್ಬಳೇ ಹಾಡಲು ಹೇಳಿದರು. ಆಗಲಿಲ್ಲ. ಕೆಳದನಿಯನ್ನು ಒಂಟಿಯಾಗಿ ಹಾಡುವುದು ಮಗುವಿಲ್ಲದ ತೊಟ್ಟಿಲು ತೂಗಿದ ಹಾಗೆ. ವಾಖೋಗೆ ಅರ್ಥವಾಯಿತು. ತೆಕ್ಲೆಯನ್ನು ಗಾಜಿನ ಆಚೆ ನಿಲ್ಲಿಸಿದ. ಅವಳ ದನಿ ನನ್ನ ಕಿವಿಗೆ, ನನ್ನದು ಅವಳ ಕಿವಿಗೆ.

"ಅಮ್ಮಾ, ಇನ್ನೊಂದ್ಸಲ. ಹಾಗೇ," ಎನ್ನುತ್ತಿದ್ದಳು ಯಂತ್ರ ನಡೆಸುವ ಹುಡುಗಿ. ಹಾಗೇ ಹಾಡಿದೆ. ಇನ್ನೊಂದ್ಸಲ ಎಂದಳು. ಹಾಗೇ ಹಾಡಿದೆ. ಊಟದ ಹೊತ್ತಿಗೆ ಅವಳಿಗೇ ಸಾಕಾಯಿತು. ನನಗೆ ಆಗಿರಲಿಲ್ಲ.

ಆಮೇಲೆ ವಾಖೋ ಏನೋ ಕಾಗದ ಮುದ್ರಿಸುತ್ತಾರೆಂದೂ ಅದರಲ್ಲಿ ಸಣ್ಣ ಅಕ್ಷರದಲ್ಲಿ ನನ್ನ ಹೆಸರು ಸೇರಿಸಬಹುದೆಂದೂ ಹೇಳಿದ. ಬೇಡ ಎಂದೆ. ಊರಿನಲ್ಲಿ ಯಾರಿಗೂ ತಿಳಿಯಕೂಡದು ಎಂದೆ. ಸಣ್ಣ ಅಕ್ಷರದಲ್ಲಿ ಲಮಾರಾಳ ಹೆಸರು ಬರುವುದೆಂದರೇನು.

ತೆಕ್ಲೆಗೂ ಎಚ್ಚರಿಕೆ ಕೊಟ್ಟೆ. "ಯಾರಿಗೂ ಹೇಳ್ಬೇಡ."

"ಯಾಕೆ ಬೆಬೋ?"

"ನಾನು ಅಂತ ಗೊತ್ತಾದ್ರೆ ಎಲ್ಲರೂ ನನ್ನನ್ನೇ ಕೇಳಿಸಿಕೊಳ್ತಾರೆ. ನಿನ್ನನ್ನ ಯಾರು ಕೇಳ್ತಾರೆ?"

ಅವಳು ನಕ್ಕಳು. ನಾನು ನಿಜವನ್ನೇ ಹೇಳಿದ್ದೆ.

ಬರುವಾಗ ಹಲ್ಲಿನ ಡಾಕ್ಟರಲ್ಲಿಗೂ ಹೋದೆ. ಹಲ್ಲು ಗಟ್ಟಿಯಾಗಿದೆಯಂತೆ.

ಅಕ್ಟೋಬರ್ 24

ಇರ್ಮಾ ಫೋನ್ ಮಾಡಿದಳು. ತೆಕ್ಲೆಯೇ ಹೋಗುವುದು ಖಚಿತ. ಕ್ರಿಮಂಚುಲಿಯ ಜೊತೆಗೆ.

ಕೊನೆಯಲ್ಲಿ ಇರ್ಮಾ "ಥ್ಯಾಂಕ್ಸ್ ಅಮ್ಮಾ" ಎಂದಳು. ಅವಳು ಈ ಮನೆಗೆ ಬಂದಾಗಿನಿಂದ ಅತ್ತೆ ಎಂದೇ ಕರೆದವಳು. ಬಾಯಿ ತಪ್ಪಿರಬೇಕು. ತಿದ್ದಲಿಲ್ಲ.

ನವೆಂಬರ್ 15

ಪೋರ್ಚುಗಲ್‌ಗೆ ವಿಮಾನ ಹತ್ತಿದರು. ಮಾಮುಕ ಬಿಟ್ಟುಬಂದ. ನಾನು ಹೋಗಲಿಲ್ಲ, ಹಂದಿಗಳನ್ನು ನೋಡಿಕೊಳ್ಳುವವರು ಯಾರು? ಚೀಲಕ್ಕೆ ಅಕ್ರೋಟು ಹಾಕಿ ಕಳಿಸಿದ್ದೇನೆ. ಅಲ್ಲಿ ಮೀನೇ ತಿನ್ನುತ್ತಾರಂತೆ.

ಮನೆ ದೊಡ್ಡದಾಗಿದೆ.

ನವೆಂಬರ್ 19

ಮಧ್ಯಾಹ್ನ ಇರ್ಮಾ ಫೋನ್ ಮಾಡಿದಳು. ದನಿಯಲ್ಲೇ ತಿಳಿಯಿತು.

ಮೊದಲ ಅಭ್ಯಾಸದಲ್ಲಿ ತೆಕ್ಲೆ ಜಿಗಿತದ ಜಾಗದಲ್ಲಿ ನಿಂತುಬಿಟ್ಟಳಂತೆ. ಬಾಯಿ ತೆರೆದೇ ಇತ್ತು, ದನಿ ಬರಲಿಲ್ಲ. ವೇದಿಕೆ ಫುಟ್‌ಬಾಲ್ ಮೈದಾನದಷ್ಟು ದೊಡ್ಡದಂತೆ. ನಮ್ಮ ತಂಡದ ಹಿರಿಯರು, ಅಪಾಯ ಬೇಡ, ಆ ಭಾಗದಲ್ಲಿ ಅವಳ ಮುದ್ರಿಸಿದ ದನಿಯನ್ನೇ ಹಾಕಿಬಿಡೋಣ, ಅವಳು ಬಾಯಿ ಆಡಿಸಿದರೆ ಸಾಕು ಎಂದಿದ್ದಾರೆ. ನಾಳೆಯ ಅಭ್ಯಾಸ ನೋಡಿ ತೀರ್ಮಾನ.

"ಅವಳ ಕೈಗೆ ಕೊಡು," ಎಂದೆ.

"ಬೆಬೋ."

"ಹೇಳು."

"ನೀನು ಕಿವಿಯ ಯಂತ್ರದಲ್ಲಿ ದೂರದಿಂದ ಕೇಳಿಸ್ತೀಯ."

"ಎಷ್ಟು ದೂರ?"

"ಬಾವಿಯೊಳಗಿಂದ ಕೇಳಿಸಿದ ಹಾಗೆ." ಮೂಗು ಎಳೆದುಕೊಂಡಳು. "ಬಾಯಿ ಆಡಿಸಿದ್ರೆ ಸಾಕಂತೆ."

"ನಿನಗೇನು ಇಷ್ಟ?"

"ಹಾಡೋದು. ಆದ್ರೆ ಭಯ ಆಗುತ್ತೆ."

"ಭಯ ಆಗ್ಲಿ. ಬಾವಿಗೆ ಬಗ್ಗಿ ಕೂಗಿದ್ರೆ ಬಾವಿ ಏನು ಮಾಡುತ್ತೆ?"

"ಉತ್ತರ ಕೊಡುತ್ತೆ."

"ಹಂಗಾದ್ರೆ ನಾನು ಅಲ್ಲೇ ಇದೀನಿ ಅಂದ್ಕೋ, ಒಳಗಡೆ. ಎಲ್ಲಿಗೂ ಹೋಗಲ್ಲ. ನೀನು ಬಗ್ಗಿ ಕೂಗು. ಹಾಡಿದ್ರೂ ಮನೆಗೇ ಬರ್ತೀಯ, ಹಾಡದಿದ್ರೂ ಮನೆಗೇ ಬರ್ತೀಯ. ಕೇಳಿಸ್ತಾ ಬೆಬೋ?"

"ಹೂಂ."

ಫೋನಿನಲ್ಲೇ ಕೆಳದನಿ ಹಿಡಿದೆ. ಅವಳು ಹೋಟೆಲಿನ ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಹಾಡಿದಳು. ಒಲೆಯ ಮೇಲಿದ್ದ ಕಾಳು ಸೀದುಹೋಯಿತು. ಮಾಮುಕ ಬಂದು, ಏನಮ್ಮಾ ಇದು ವಾಸನೆ ಎಂದ. ನಿನ್ನ ಊಟ ಎಂದೆ.

ನವೆಂಬರ್ 20

ಇವತ್ತಿನ ಅಭ್ಯಾಸ ನೋಡಿ ತೀರ್ಮಾನವಾಯಿತು. ಅವಳೇ ಹಾಡುತ್ತಾಳೆ.

ನವೆಂಬರ್ 23

ಸಂಜೆ ಮನೆ ತುಂಬ ಜನ. ಕರೆದವರು ಎಷ್ಟೋ, ಬಂದವರು ಎಷ್ಟೋ. ಗುಲಿಕೋ ಚೀಸಿನ ರೊಟ್ಟಿ ತಂದಿದ್ದಳು. ಉಪ್ಪು ಜಾಸ್ತಿಯಾಗಿತ್ತು, ಆದರೂ ಎರಡು ತುಂಡು ತಿಂದೆ. ಮೇಜಿನ ಯಜಮಾನಿಕೆ ಶಾಲ್ವಾನದು. ಅಂದರೆ ಯಾರ ಹೆಸರಿಗೆ ಯಾವಾಗ ಕುಡಿಯಬೇಕೆಂದು ಹೇಳುವವನು ಅವನೇ. ಅವನ ಅಪ್ಪಣೆಯಿಲ್ಲದೆ ಯಾರೂ ಲೋಟ ಎತ್ತುವಂತಿಲ್ಲ. ನನ್ನ ಮೇಲಿನ ಸಿಟ್ಟನ್ನು ಅವನು ಬಿಟ್ಟಿರಲಿಲ್ಲ, ಆದರೆ ಟಿವಿ ಇದ್ದದ್ದು ನಮ್ಮ ಮನೆಯಲ್ಲಿ.

ನಮ್ಮ ಸರದಿ ಬಂತು. ತೆಕ್ಲೆ ಬೂದು ಬಣ್ಣದ ಅಂಗಿಯಲ್ಲಿ ನಿಂತಿದ್ದಳು. ಸುತ್ತ ಮಂಜು ಬಿಟ್ಟಿದ್ದರು. ನಿಜವಾದ ಮಂಜು ಹಾಗೆ ಏಳುವುದಿಲ್ಲ, ಇರಲಿ. ಅವಳು ಬಹಳ ಸಣ್ಣವಳಾಗಿ ಕಂಡಳು. ಇಷ್ಟು ಸಣ್ಣವಳೆಂದು ನಾನು ತಿಳಿದಿರಲಿಲ್ಲ.

ವಾದ್ಯಗಳು ನಿಂತವು. ಕೆಳಗಿನ "ಓ" ಬಂತು. ನಾನು ತಲೆವಸ್ತ್ರದ ಅಂಚು ಹಿಡಿದುಕೊಂಡಿದ್ದೆ. ಜಿಗಿತದ ಹಿಂದಿನ ಆ ಸಣ್ಣ ಉಸಿರಿಗಾಗಿ ಕಾದೆ. ಅದು ಬರಲೇ ಇಲ್ಲ. ಉಸಿರು ಕದಿಯದೆ ನೇರವಾಗಿ ಮೇಲೆ ಹೋದಳು, ಮುರಿದಳು, ತಿರುಗಿದಳು, ಜಗಲಿಯಲ್ಲಿ ಇಳಿಯುತ್ತಿದ್ದ ಜಾಗಕ್ಕೇ ಇಳಿದಳು. ಒಂದು ಕೂದಲೆಳೆಯೂ ಬೇರೆಯಿರಲಿಲ್ಲ. ನನಗೆ ಹೊಚ್ಚ ಹೊಸದಾಗಿ ಕೇಳಿಸಿತು.

ಗುಲಿಕೋ ಅಳುತ್ತಿದ್ದಳು, ಅವಳು ಹವಾಮಾನ ವರದಿಗೂ ಅಳುತ್ತಾಳೆ.

ಅಂಕಗಳು ಬರಲು ಬಹಳ ಹೊತ್ತಾಯಿತು. ಏಳನೆಯ ಸ್ಥಾನ. ಶಾಲ್ವಾ ಯೂರೋಪಿನ ಒಂದೊಂದೇ ದೇಶವನ್ನು ಹೆಸರು ಹಿಡಿದು ಬಯ್ದ. ಅಂಕಗಳ ನಡುವೆ ತೆಕ್ಲೆಯನ್ನು ತೋರಿಸಿದರು. ಅವಳು ಪಕ್ಕದ ದೇಶದ ಹುಡುಗನಿಗೆ ಅಕ್ರೋಟು ಒಡೆದುಕೊಡುತ್ತ ನಗುತ್ತಿದ್ದಳು. ನನಗೆ ಅಷ್ಟು ಸಾಕಾಯಿತು.

ಶಾಲ್ವಾ ಮೊದಲು ತೆಕ್ಲೆಯ ಹೆಸರಿಗೆ ಲೋಟ ಎತ್ತಿದ, ಆಮೇಲೆ ಅವಳ ತಾಯಿಯ ಹೆಸರಿಗೆ. ನಾನೂ ಇರ್ಮಾಳ ಹೆಸರಿಗೆ ಮನಸ್ಸಿನಿಂದ ಕುಡಿದೆ. ಮೂರನೆಯದಕ್ಕೆ ಎದ್ದು ನಿಂತ. ಅವನು ಎದ್ದರೆ ಎಲ್ಲರೂ ಏಳಬೇಕು.

"ಈಗ ಒಬ್ಬನ ಹೆಸರಿಗೆ," ಎಂದ. "ಅವನ ಹೆಸರು ನನಗೆ ಗೊತ್ತಿಲ್ಲ. ಆ ಮಗು ಮೇಲೆ ಹಾರ್ತಿದ್ದಾಗ ಕೆಳಗೆ ಒಬ್ಬ ಹಾಡ್ತಿದ್ನಲ್ಲ, ಕೇಳಿಸ್ಕೊಂಡ್ರಾ? ನೀವೆಲ್ಲ ಎಲ್ಲಿ ಕೇಳ್ತೀರ. ನಾನು ಕೇಳಿದೆ. ನನ್ನ ಜೀವಮಾನ ಪೂರ್ತಿ ಕೆಳದನಿ ಹಾಡಿದ್ದೀನಿ, ನನಗೆ ಗೊತ್ತು. ಗಂಟಲು ಹಳೇದು, ಒಣಗಿದೆ. ಯಾರೋ ಮುದುಕ. ಆದ್ರೆ ಬಂಡೆ ಇದ್ದ ಹಾಗೆ. ಚೆಂದ ಮಾಡೋ ಆಸೆಯೇ ಇಲ್ಲ ಅವನಿಗೆ. ಮಗೂನ ಹೊತ್ಕೊಂಡು ನಿಂತಿದ್ದ. ಅವನ್ಯಾರು ಲಮಾರಾ, ನಿನಗೇನಾದ್ರೂ ಗೊತ್ತಾ?"

ಮಾಮುಕ ಕಿಟಕಿಯ ಕಡೆ ತಿರುಗಿ ಕೆಮ್ಮಿದ.

"ಟಿಬಿಲಿಸಿಯವನು ಯಾರೋ ಇರಬೇಕು," ಎಂದೆ.

"ಸಾಧ್ಯವೇ ಇಲ್ಲ. ಅಷ್ಟು ಹಟ ಇರೋನು ಗುರಿಯಾ ಸೀಮೆಯವನೇ. ಹೋಗ್ಲಿ. ಬದುಕಿದ್ರೆ ಚೆನ್ನಾಗಿರ್ಲಿ. ಸತ್ತಿದ್ರೆ ಮಣ್ಣು ಹಗುರಾಗಿರ್ಲಿ."

"ಬದುಕಿದ್ದಾನೆ," ಎಂದೆ.

"ನಿಂಗೆ ಹೇಗೆ ಗೊತ್ತು?"

"ಸತ್ತವರು ಹಾಗೆ ಹಾಡಲ್ಲ. ಮಾತು ಸಾಕು, ಕುಡಿ."

ಶಾಲ್ವಾ ಕುಡಿದ. ಗುಲಿಕೋ ಕುಡಿದಳು. ಮಾಮುಕ ನನ್ನ ಮುಖವನ್ನೇ ನೋಡುತ್ತ ಕುಡಿದ. ಒಬ್ಬೊಬ್ಬರಾಗಿ ಎಲ್ಲರೂ ಲೋಟ ಕೆಳಗಿಟ್ಟರು. ಯಾರ ಹೆಸರಿಗೆ ಕುಡಿಯುತ್ತಾರೋ ಅವರು ಎಲ್ಲರಿಗಿಂತ ಕೊನೆಯಲ್ಲಿ ಕುಡಿಯಬೇಕೆಂಬುದು ನಮ್ಮ ಮೇಜಿನ ನಿಯಮ. ನಾನು ಲೋಟ ಹಿಡಿದು ಕಾದೆ. ಕೊನೆಯವನೂ ಮುಗಿಸಿದ ಮೇಲೆ ಕುಡಿದೆ.

ಯಾರೂ ಗಮನಿಸಲಿಲ್ಲ.